ಪೂರ್ತಿ ಐರನ್‌ಮ್ಯಾನ್‌ಗೆ ಯಾವ ವಾಚ್? 15 ಗಂಟೆ ಜೀವ ಹಿಡಿದುಕೊಂಡಿದ್ದರೆ ಸಾಕು

ಕೆರೆಏಡಿ:

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆ ಹತ್ತು ಸಲ ಬಂದಿರಬಹುದು, ಬೈಕೋಬೇಡಿ. ಗೋವಾ 70.3, ಅಂದರೆ ಅರ್ಧ ಐರನ್‌ಮ್ಯಾನ್ ಟ್ರಯತ್ಲಾನ್, ಮುಗಿಸಿದ್ದೇನೆ, 7 ಗಂಟೆ 48 ನಿಮಿಷ. ಈಗ ಧೈರ್ಯ ಮಾಡಿ ಮಲೇಷ್ಯಾದ ಲಂಕಾವಿಗೆ ಹೆಸರು ಕೊಟ್ಟಿದ್ದೇನೆ. ಪೂರ್ತಿ ದೂರ. 3.8 ಕಿಮೀ ಈಜು, 180 ಕಿಮೀ ಸೈಕಲ್, ಅದಾದ ಮೇಲೆ 42.2 ಕಿಮೀ ಓಟ. ಕಟಾಫ್, ಅಂದರೆ ಮುಗಿಸಲೇಬೇಕಾದ ಗಡುವು, 17 ಗಂಟೆ. ನಾನು ಹದಿನೈದು, ಹೆಚ್ಚೆಂದರೆ ಹದಿನೈದೂವರೆ ಅಂತ ಲೆಕ್ಕ ಹಾಕಿಕೊಂಡಿದ್ದೇನೆ.

ಕೈಲಿರೋದು ಐದು ವರ್ಷದ ಹಳೇ ಓಟದ ವಾಚ್. ಟ್ರಯತ್ಲಾನ್ ಮೋಡ್ ಇಲ್ಲ. ಗೋವಾದಲ್ಲಿ ಏನಾಯಿತು ಅಂದರೆ, ಮೀರಾಮಾರ್ ಬೀಚಿನ ಮರಳಿನ ಮೇಲೆ ಓಡುತ್ತಾ ಈಜು ನಿಲ್ಲಿಸಿ, ಸೇವ್ ಮಾಡಿ, ಮೆನುವಿನಲ್ಲಿ ಸೈಕಲ್ ಹುಡುಕಿ ಶುರು ಮಾಡಿದೆ. ಅಲ್ಲಿವರೆಗೆ ಸರಿ. ಸೈಕಲ್ ಇಳಿದ ಮೇಲೆ ನಿಲ್ಲಿಸಿದೆ, ಸೇವ್ ಮಾಡಿದೆ, ಟೋಪಿ ಹಾಕಿದೆ, ಓಡಿದೆ. ಓಟ ಶುರು ಮಾಡೋದನ್ನೇ ಮರೆತೆ. ನಾಲ್ಕು ಕಿಮೀ ಆದ ಮೇಲೆ ವೇಗ ಎಷ್ಟಿದೆ ಅಂತ ಕೈ ನೋಡಿದರೆ ಅದು ಆರಾಮಾಗಿ ಮಧ್ಯಾಹ್ನದ ಗಂಟೆ ತೋರಿಸುತ್ತಾ ಕೂತಿತ್ತು.

ಬಜೆಟ್ 30 ಸಾವಿರ, ತೀರಾ ಎಳೆದರೆ 35. ಸೈಕಲ್‌ಗೆ ಎಷ್ಟು ಕೊಟ್ಟೆ ಅಂತ ಮನೆಯಲ್ಲಿ ಇನ್ನೂ ಸರಿಯಾಗಿ ಹೇಳಿಲ್ಲ, ಹಾಗಾಗಿ ಅದಕ್ಕಿಂತ ಜಾಸ್ತಿ ಬೇಡ. ನಕ್ಷೆ, ಹಾಡು, ಪಾವತಿ ಯಾವುದೂ ಬೇಕಿಲ್ಲ. ಏನು ನೋಡಬೇಕು ಹೇಳಿ.

ಇಡ್ಲಿಪವರ್:

ಗಾರ್ಮಿನ್ ತಗೊಳ್ಳಿ, ಮುಗೀತು.

ನಿಧಾನವೇಪ್ರಧಾನ:

ಮೇಲಿನವರ ಥರ ಒಂದೇ ಮಾತಲ್ಲಿ ಮುಗಿಸಬೇಡಿ ಸ್ವಾಮಿ. ಗಾರ್ಮಿನ್‌ನಲ್ಲೇ ಫೋರ್‌ರನ್ನರ್ 165 ಅಂತ ಇದೆ. ನೋಡೋಕೆ ಚೆಂದ, ಪರದೆ ಚೆಂದ. ಆದರೆ ಅದರಲ್ಲಿ ಟ್ರಯತ್ಲಾನ್ ಮೋಡ್ ಇಲ್ಲ, ಸೈಕಲ್ ಪವರ್ ಮೀಟರೂ (ತುಳಿಯೋ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯೋದು) ಸೇರಲ್ಲ. ಇವರು ನಿಮ್ಮ ಮಾತು ಕೇಳಿ ಅದನ್ನು ತಂದರೆ ಲಂಕಾವಿಯಲ್ಲೂ ಗೋವಾದ ಕಥೆಯೇ. ಫೋರ್‌ರನ್ನರ್ ಸಾಲಿನಲ್ಲಿ 255, 265ರಿಂದ ಮೇಲಕ್ಕೆ ನೋಡಬೇಕು. ಬರೀ ಬ್ರ್ಯಾಂಡ್ ಹೇಳಿದರೆ ಸಾಲದು, ಮಾಡೆಲ್ ಹೇಳಬೇಕು.

ಕೆರೆಏಡಿ ಅವರೇ, ನಿಮಗೆ ಬೇಕಾಗಿರೋದು ಒಂದೇ ಗುಂಡಿ. ನೀರಿಂದ ಎದ್ದಾಗ ಒಮ್ಮೆ ಒತ್ತಿದರೆ ಟಿ1 (ಈಜಿಂದ ಸೈಕಲ್‌ಗೆ ಬದಲಾಗೋ ಹೊತ್ತು), ಸೈಕಲ್ ಹತ್ತುವಾಗ ಒತ್ತಿದರೆ ಸೈಕಲ್, ಇಳಿದಾಗ ಟಿ2 (ಸೈಕಲ್ಲಿಂದ ಓಟಕ್ಕೆ), ಆಮೇಲೆ ಓಟ. ನಾಲ್ಕು ಒತ್ತು. ಐದನೆಯದು ಫಿನಿಶ್ ಗೆರೆಯಲ್ಲಿ. ಅಷ್ಟನ್ನು ತಪ್ಪದೆ ಮಾಡೋ ಯಾವ ವಾಚಾದರೂ ಸರಿ.

ಮತ್ತೊಂದು ಮುಖ್ಯ ವಿಷಯ ಯಾರೂ ಹೇಳಲ್ಲ. ಮೂರು ಬೇರೆ ಬೇರೆ ಚಟುವಟಿಕೆಯಾಗಿ ದಾಖಲಿಸಿದರೆ ಒಟ್ಟು ಸಮಯ ಎಲ್ಲೂ ಕಾಣಲ್ಲ. ಕಟಾಫ್ ಲೆಕ್ಕ ಒಟ್ಟು ಸಮಯದ ಮೇಲೆ. ಸಾಮಾನ್ಯವಾಗಿ ಈಜಿಗೆ 2 ಗಂಟೆ 20 ನಿಮಿಷ, ಸೈಕಲ್ ಮುಗಿಯೋಕೆ ಶುರುವಿಂದ 10 ಗಂಟೆ 30 ನಿಮಿಷ, ಕೊನೆಗೆ 17. ಈ ನಡುವೆ ನೀವು ಟೆಂಟಿನಲ್ಲಿ ಕೂತು ಸಾಕ್ಸ್ ಹಾಕಿಕೊಂಡ ಹನ್ನೆರಡು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಟ್ರಯತ್ಲಾನ್ ಮೋಡಿನಲ್ಲಿ ಆ ಗಡಿಯಾರ ಒಂದೇ ಸಮನೆ ಓಡುತ್ತಿರುತ್ತದೆ. ನನ್ನಂಥ ಹಿಂದಿನ ಸಾಲಿನವರಿಗೆ ಅದೇ ಮುಖ್ಯ, ಉಳಿದಿದ್ದೆಲ್ಲ ಅಲಂಕಾರ.

ನಂದಿಹತ್ತು:

+1. ನಮ್ಮ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಗೋವಾ ಮುಗಿಸಿದ್ದು 8 ಗಂಟೆ 27 ನಿಮಿಷ 32 ಸೆಕೆಂಡಿಗೆ. 70.3ರ ಕಟಾಫ್ 8 ಗಂಟೆ 30 ನಿಮಿಷ. ಎರಡೂವರೆ ನಿಮಿಷ ಕೂಡ ಉಳಿದಿರಲಿಲ್ಲ. ಅಂಥ ಹೊತ್ತಲ್ಲಿ ಒಟ್ಟು ಸಮಯ ಗೊತ್ತಿಲ್ಲದೆ ಓಡೋದು ಅಂದರೆ ಯೋಚನೆ ಮಾಡಿ.

ಮಾಡರೇಟರ್:

ಓಟದ ಬಗ್ಗೆ ಮಾತ್ರ ಮಾತಾಡೋಣ. ವೋಟಿನ ಬಗ್ಗೆ ಬೇರೆ ಕಡೆ. ಎರಡು ಉತ್ತರ ತೆಗೆದಿದ್ದೇನೆ.

ಮೂರನೇಗೇರ್:

ಬ್ಯಾಟರಿ ಬಗ್ಗೆ ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಪೆಟ್ಟಿಗೆ ಮೇಲೆ 'ಜಿಪಿಎಸ್ 30 ಗಂಟೆ' ಅಂತ ಬರೆದಿರುತ್ತಾರೆ. ಅದು ಬರೀ ಜಿಪಿಎಸ್, ಪರದೆ ಮಂದ, ಹೊಸ ಬ್ಯಾಟರಿ, ಯಾವ ಹಾಡೂ ಇಲ್ಲದಾಗ. ಈಗಿನ ವಾಚುಗಳಲ್ಲಿ ಮಲ್ಟಿಬ್ಯಾಂಡ್ ಅಂತ ಇನ್ನೊಂದು ಮೋಡ್ ಇದೆ. ಉಪಗ್ರಹ ಕಳಿಸುವ ಎರಡು ತರಂಗಾಂತರ, ಎಲ್1 ಮತ್ತು ಎಲ್5, ಎರಡನ್ನೂ ಹಿಡಿಯುತ್ತದೆ. ಎತ್ತರದ ಕಟ್ಟಡಕ್ಕೆ ಬಡಿದು ವಾಪಸ್ ಬಂದ ಸಂಕೇತವನ್ನು ಪತ್ತೆ ಹಚ್ಚೋಕೆ ಅದು ಒಳ್ಳೆಯದು. ಆದರೆ ಬ್ಯಾಟರಿ ಕುಡಿಯುತ್ತದೆ. ಕಂಪನಿ ಕೊಡೋ ಲೆಕ್ಕವನ್ನೇ ನೋಡಿ. ಫೋರ್‌ರನ್ನರ್ 255ರಲ್ಲಿ ಬರೀ ಜಿಪಿಎಸ್ 30 ಗಂಟೆ, ಮಲ್ಟಿಬ್ಯಾಂಡ್‌ನಲ್ಲಿ 16. 265ರಲ್ಲಿ 20 ಮತ್ತು 14. 955ರಲ್ಲಿ 42 ಮತ್ತು 20. 965ರಲ್ಲಿ 31 ಮತ್ತು 19. ಕೋರೋಸ್ ಪೇಸ್ 3ರಲ್ಲಿ 38 ಮತ್ತು 15.

ಒಂದು ತಮಾಷೆ ಗಮನಿಸಿ. 265 ಬಂದದ್ದು 255 ಆದ ಮೇಲೆ, ಬೆಲೆಯೂ ಜಾಸ್ತಿ, ಬ್ಯಾಟರಿ ಮಾತ್ರ ಕಮ್ಮಿ. ಬಣ್ಣದ ಅಮೋಲೆಡ್ ಪರದೆಗೆ ಕೊಟ್ಟ ಬೆಲೆ ಅದು. 2025ರಲ್ಲಿ ಬಂದ 970ಯೂ ಹಾಗೇ, ಬರೀ ಜಿಪಿಎಸ್‌ನಲ್ಲಿ 26 ಗಂಟೆ, 965ಕ್ಕಿಂತ ಐದು ಗಂಟೆ ಕಮ್ಮಿ. ಟಾರ್ಚ್ ಕೊಟ್ಟಿದ್ದಾರೆ, ಅದು ಚೆನ್ನಾಗಿದೆ ಅಂತ ಒಪ್ಪುತ್ತೇನೆ.

ಈಗ ನಿಮ್ಮ 15 ಗಂಟೆ. ಮಲ್ಟಿಬ್ಯಾಂಡ್ 16 ಗಂಟೆ ಅಂದರೆ ಹೊಸದರಲ್ಲಿ ಹೇಗೋ ಮುಟ್ಟುತ್ತದೆ. ಮೂರು ವರ್ಷ ಆದ ಮೇಲೆ ಐದರಲ್ಲಿ ಒಂದು ಪಾಲು ಹೋಯಿತು ಅಂತ ಇಟ್ಟುಕೊಳ್ಳಿ, ಹದಿಮೂರೇ. ಅಂದರೆ ಮ್ಯಾರಥಾನಿನ ಅರ್ಧದಾರಿಯಲ್ಲಿ ಕತ್ತಲು, ನೀವೂ ಕತ್ತಲು, ವಾಚೂ ಕತ್ತಲು. ನನ್ನ ಲೆಕ್ಕ ಸುಲಭ. ನೀವು ಓಡೋ ಮೋಡಿನಲ್ಲಿ ನಿಮ್ಮ ಸಮಯದ ಒಂದೂವರೆ ಪಟ್ಟು ಇರಬೇಕು. ನಿಮಗೆ 23 ಗಂಟೆ. ಲಂಕಾವಿಯಲ್ಲಿ ಸಮುದ್ರ, ಹೆದ್ದಾರಿ, ತೆಂಗಿನಮರ. ಎಂಜಿ ರಸ್ತೆ ಅಲ್ಲ. ಮಲ್ಟಿಬ್ಯಾಂಡ್ ಆಫ್ ಮಾಡಿ ಓಡಿ, ಏನೂ ಕಳೆದುಕೊಳ್ಳಲ್ಲ.

ಕಡಲಕಾಗೆ:

ಇಷ್ಟೆಲ್ಲ ಲೆಕ್ಕ ಯಾಕೆ? ಸಮಯ ಅಳೆಯೋದು ಕಾಲಿಗೆ ಕಟ್ಟಿರೋ ಚಿಪ್. ವಾಚ್ ಸತ್ತರೂ ನೀವು ಫಿನಿಶರೇ. 1978ರಲ್ಲಿ ಹವಾಯಿಯ ಒವಾಹುವಿನಲ್ಲಿ ಮೊದಲ ಐರನ್‌ಮ್ಯಾನ್ ಆದಾಗ 15 ಜನ ಹೊರಟು 12 ಜನ ಮುಗಿಸಿದರು. ಗೆದ್ದ ಗಾರ್ಡನ್ ಹಾಲರ್ ತಗೊಂಡಿದ್ದು 11 ಗಂಟೆ 46 ನಿಮಿಷ 58 ಸೆಕೆಂಡ್. ಅವರಿಗೆ ಯಾವ ಉಪಗ್ರಹ ಇತ್ತು? ಒಂದು ಕ್ಯಾಸಿಯೊ ಎಫ್-91ಡಬ್ಲ್ಯು ಹಾಕಿಕೊಂಡು ಹೋಗಿ. ಉಳಿದ ದುಡ್ಡಲ್ಲಿ ಒಳ್ಳೇ ಟೈರ್ ಹಾಕಿಸಿ.

ಮೂರನೇಗೇರ್:

ಎಫ್-91ಡಬ್ಲ್ಯು ಈಜೋಕೆ ಮಾಡಿದ್ದಲ್ಲ. ಮಳೆ, ಕೈ ತೊಳೆಯೋದು, ಅಷ್ಟಕ್ಕೆ. ಬದುಕಬಹುದು, ಬದುಕದೇ ಇರಬಹುದು. 3.8 ಕಿಮೀ ಸಮುದ್ರಕ್ಕೆ 5 ಎಟಿಎಂ (50 ಮೀಟರ್ ಆಳದಷ್ಟು ನೀರಿನ ಒತ್ತಡ ತಡೆಯುತ್ತೆ ಅನ್ನೋ ಗುರುತು) ಅಂತ ಬರೆದಿರೋದು ಬೇಕು. ಈ ಥ್ರೆಡ್ಡಿನಲ್ಲಿ ಬಂದ ಎಲ್ಲ ಕ್ರೀಡಾ ವಾಚಿಗೂ ಅಷ್ಟು ಇದೆ.

ಕಡಲಕಾಗೆ:

ನನ್ನದು ಎಂಟು ವರ್ಷದಿಂದ ಕಾಪು ಸಮುದ್ರದಲ್ಲಿ ಈಜುತ್ತಿದೆ. ಅದಕ್ಕೆ ಓದೋಕೆ ಬರಲ್ಲ, ಅದಕ್ಕೇ ಇರಬೇಕು.

ಚಾಳೀಸುಚಕ್ರ:

ನನ್ನ ವಯಸ್ಸು 51. ಈ ಚರ್ಚೆಯಲ್ಲಿ ಎಲ್ಲರೂ ಹುಡುಗರೇ ಇದ್ದ ಹಾಗಿದೆ, ಯಾಕೆಂದರೆ ಅಕ್ಷರದ ಗಾತ್ರದ ಬಗ್ಗೆ ಯಾರೂ ಮಾತೆತ್ತಿಲ್ಲ. ಚಾಳೀಸು ಬಂದವರ ಕಷ್ಟ ಕೇಳಿ. ಒಂದು ಪರದೆಯಲ್ಲಿ ಆರು ಸಂಖ್ಯೆ ಇಟ್ಟುಕೊಂಡು ಮೊದಲ ಅರ್ಧ ಐರನ್‌ಮ್ಯಾನ್‌ಗೆ ಹೋದೆ. ಸೈಕಲ್ ಮೇಲೆ ಬಿಸಿಲು, ಬೆವರು, ಕನ್ನಡಕದಲ್ಲಿ ಓದುವ ಪವರ್ ಇಲ್ಲ. 148 ಅಂತ ಒಂದು ಸಂಖ್ಯೆ ಕಂಡಿತು. ಎದೆಬಡಿತವೋ, ವ್ಯಾಟ್ಟೋ, ಗೊತ್ತಾಗಲಿಲ್ಲ. ಹದಿನೈದು ಕಿಮೀ ಅದನ್ನು ಪವರ್ ಅಂದುಕೊಂಡು ತುಳಿದೆ.

ಈಗ ಒಂದು ಪರದೆಗೆ ಮೂರೇ. ಸೈಕಲ್ಲಿನಲ್ಲಿ ಪವರ್, ಎದೆಬಡಿತ, ಒಟ್ಟು ಸಮಯ. ಓಟದಲ್ಲಿ ಲ್ಯಾಪಿನ ವೇಗ, ದೂರ, ಒಟ್ಟು ಸಮಯ. ಈಜಿನಲ್ಲಿ ಯಾವುದೂ ನೋಡಲ್ಲ, ನೋಡೋಕೆ ಕೈ ಎತ್ತಿದರೆ ಮುಳುಗುತ್ತೇನೆ.

ಅಂಗಡಿಗೆ ಹೋಗಿ ನೋಡೋದಾದರೆ ವಾಚನ್ನು ಹೊರಗೆ ಬಿಸಿಲಿಗೆ ತಂದು ನೋಡಿ. ಅಂಗಡಿಯವನು ಬಿಡದಿದ್ದರೆ ಬಾಗಿಲ ತನಕವಾದರೂ ಬನ್ನಿ. ಹಳೇ ಥರದ ಎಂಐಪಿ ಪರದೆ, ಅಂದರೆ 255, 955, ಪೇಸ್ 3ರಲ್ಲಿ ಇರೋದು, ಒಳಗೆ ಮಂಕಾಗಿ ಕಂಡರೂ ಬಿಸಿಲಿಗೆ ಬಂದಷ್ಟೂ ಚೆನ್ನಾಗಿ ಕಾಣುತ್ತದೆ, ಅದೂ ಲೈಟ್ ಇಲ್ಲದೆ. ಅಮೋಲೆಡ್ ಅಂಗಡಿಯಲ್ಲಿ ದೀಪಾವಳಿ. ಹೊರಗೂ ಈಗಿನವು ಪರವಾಗಿಲ್ಲ, ಆದರೆ ಯಾವಾಗಲೂ ಆನ್ ಇಟ್ಟರೆ ಮೂರನೇಗೇರ್ ಹೇಳಿದ ಲೆಕ್ಕ ಮತ್ತೆ ಮಾಡಬೇಕು.

ರೋಟ್‌ಕನ್ನಡಿಗ:

ಜರ್ಮನಿಯಿಂದ. ನ್ಯೂರೆಂಬರ್ಗ್ ಹತ್ತಿರ ಇದ್ದೇನೆ, ಹಾಗಾಗಿ ಚಾಲೆಂಜ್ ರೋಟ್, ಐರನ್‌ಮ್ಯಾನ್‌ನಷ್ಟೇ ದೂರದ ಟ್ರಯತ್ಲಾನ್, ಒಂದು ಥರ ಮನೆ ಬಾಗಿಲ ರೇಸ್. ಇಲ್ಲಿ ಈಜು ಮೈನ್-ಡ್ಯಾನ್ಯೂಬ್ ಕಾಲುವೆಯಲ್ಲಿ. ನೀರು ತಣ್ಣಗಿರುತ್ತದೆ, ವೆಟ್‌ಸೂಟ್ ಬೇಕು. ನನ್ನ ತಪ್ಪು ಹೇಳುತ್ತೇನೆ, ಯುರೋಪಿನ ರೇಸಿಗೆ ಬರುವವರಿಗೆ ಉಪಯೋಗ ಆಗಲಿ. ವೆಟ್‌ಸೂಟಿನ ತೋಳು ವಾಚಿನ ಮೇಲೆ ಇತ್ತು. ನೀರಿಂದ ಎದ್ದು ತೋಳು ಎಳೆದಾಗ ಅದು ವಾಚಿಗೆ ಸಿಕ್ಕಿಕೊಂಡು, ಉಜ್ಜಿಕೊಂಡು ಹೊರಬಂತು, ಬರುವಾಗ ನಿಲ್ಲಿಸುವ ಗುಂಡಿಯನ್ನೂ ಒತ್ತಿತು, ನಾನು ಟೆಂಟಿನಲ್ಲಿ ನೋಡಿದಾಗ 'ಸೇವ್ ಮಾಡಲಾ, ಬಿಡಲಾ' ಅಂತ ಕೇಳುತ್ತಿತ್ತು. ಈಗ ಟ್ರಯತ್ಲಾನ್ ಮೋಡಿನಲ್ಲಿ ಗುಂಡಿ ಲಾಕ್ ತಾನಾಗಿಯೇ ಬೀಳೋ ಹಾಗೆ ಸೆಟ್ ಮಾಡಿದ್ದೇನೆ. ಲಂಕಾವಿ ಬಿಸಿ ಸಮುದ್ರ, ನಿಮಗೆ ವೆಟ್‌ಸೂಟ್ ತಲೆನೋವಿಲ್ಲ. ಆದರೂ ಲಾಕ್ ಹಾಕಿ. ಶುರುವಿನ ನೂಕಾಟದಲ್ಲಿ ಬೇರೆಯವರ ಕೈ ನಿಮ್ಮ ಗುಂಡಿ ಒತ್ತುತ್ತದೆ.

ಇನ್ನೊಂದು. ಶಬ್ದವನ್ನು ನಂಬಬೇಡಿ, ವೈಬ್ರೇಷನ್ ಜೋರಾಗಿರೋದು ಬೇಕು. ಸೋಲಾರ್ ಬೆಟ್ಟ ಅಂತ ಒಂದು ಏರು ಇದೆ ಇಲ್ಲಿ, ಜನ ರಸ್ತೆಗೇ ನುಗ್ಗಿ ನಿಂತಿರುತ್ತಾರೆ, ಒಂದು ಸೈಕಲ್ ಹೋಗುವಷ್ಟು ಜಾಗ. ನಮ್ಮೂರ ತೇರು ಎಳೆಯುವಾಗಿನ ಗದ್ದಲ. ಅಲ್ಲಿ ವಾಚ್ ಬೀಪ್ ಅಂದರೆ ದೇವರಿಗೂ ಕೇಳಲ್ಲ.

ನಂದಿಹತ್ತು:

ಆ್ಯಪಲ್ ವಾಚ್ ಅಲ್ಟ್ರಾ ಬಗ್ಗೆ ಯಾರೂ ಹೇಳಲಿಲ್ಲ? ನನ್ನ ಗೆಳೆಯ 70.3ಕ್ಕೆ ಅದನ್ನೇ ಹಾಕಿದ.

ಮೂರನೇಗೇರ್:

70.3ಕ್ಕೆ ಧಾರಾಳ ಸಾಕು. 2022ರಿಂದ ಮಲ್ಟಿಸ್ಪೋರ್ಟ್ ಇದೆ, ಈಜಿಂದ ಸೈಕಲ್‌ಗೆ, ಸೈಕಲ್ಲಿಂದ ಓಟಕ್ಕೆ ತಾನಾಗಿಯೇ ಬದಲಾಗುತ್ತದೆ. ಆ್ಯಕ್ಷನ್ ಗುಂಡಿಯೂ ಇದೆ, ಒದ್ದೆ ಕೈಯಲ್ಲಿ ಪರದೆ ಮುಟ್ಟಬೇಕಿಲ್ಲ. ಆದರೆ ಮೊದಲ ಅಲ್ಟ್ರಾಕ್ಕೆ ಪೂರ್ತಿ ಜಿಪಿಎಸ್ ಮತ್ತು ಎದೆಬಡಿತ ಇಟ್ಟು ವ್ಯಾಯಾಮ ಮಾಡಿದರೆ ಕಂಪನಿಯೇ ಹೇಳಿದ್ದು 12 ಗಂಟೆ. 15 ಗಂಟೆಯವರಿಗೆ ಪವರ್ ಉಳಿಸೋ ಮೋಡ್ ಹಾಕಬೇಕು. 799 ಡಾಲರ್ ಕೊಟ್ಟು ಪವರ್ ಉಳಿಸೋದಾ? ಜೊತೆಗೆ ಆ್ಯಂಟ್ ಪ್ಲಸ್ (ಸೆನ್ಸರ್ ಮತ್ತು ವಾಚ್ ವೈರ್ ಇಲ್ಲದೆ ಮಾತಾಡೋ ಇನ್ನೊಂದು ವಿಧಾನ) ಇಲ್ಲ, ಬ್ಲೂಟೂತ್ ಸೆನ್ಸರ್ ಮಾತ್ರ.

ಇಡ್ಲಿಪವರ್:

ಬ್ಲೂಟೂತ್ ಮಾತ್ರ ಅನ್ನೋದು ಪೇಸ್ 3ಕ್ಕೂ ಇದೆ. ಪೇಸ್ 2ರಲ್ಲಿ ಆ್ಯಂಟ್ ಪ್ಲಸ್ ಇತ್ತು, 3ರಲ್ಲಿ ತೆಗೆದರು. ಹಳೇ ಪವರ್ ಮೀಟರ್, ಹಳೇ ಕೇಡೆನ್ಸ್ ಸೆನ್ಸರ್ (ಪೆಡಲ್ ಸುತ್ತು ಎಣಿಸೋದು) ಇರುವವರು ಮೊದಲು ಅದು ಯಾವುದರಲ್ಲಿ ಮಾತಾಡುತ್ತೆ ನೋಡಿಕೊಳ್ಳಿ. ನೋಡಿ, ಒಂದೇ ಮಾತಲ್ಲಿ ಮುಗಿಸಲಿಲ್ಲ.

ನಿಧಾನವೇಪ್ರಧಾನ:

ಒಪ್ಪಿದೆ, ಮಾತು ವಾಪಸ್.

ಪೇಸ್ 3 ಬಗ್ಗೆ ನಾನೇ ಒಳ್ಳೇದು ಹೇಳುತ್ತೇನೆ. 229 ಡಾಲರಿಗೆ ಬಂತು, ನೈಲಾನ್ ಪಟ್ಟಿ ಹಾಕಿದರೆ 30 ಗ್ರಾಂ. ಕೈಯಲ್ಲಿದೆ ಅಂತಲೇ ಗೊತ್ತಾಗಲ್ಲ. ಟ್ರಯತ್ಲಾನ್ ಮೋಡ್ ಇದೆ, ಆಹಾರದ ಅಲರ್ಟ್ ಇದೆ. ಸುಂಟೊ ರೇಸ್ ಕೂಡ ನೋಡಬಹುದು, ಅದು ಅತ್ಯುತ್ತಮ ಮೋಡಿನಲ್ಲೇ 40 ಗಂಟೆ, ಬಿಡುಗಡೆ ಬೆಲೆ 449 ಡಾಲರ್, ಆದರೆ ಭಾರ.

ಕಾಪಿಹುಡುಗಿ:

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಎದೆಬಡಿತದ ಬಗ್ಗೆ ಹೇಳಲೇಬೇಕು.

ಮಣಿಕಟ್ಟಿನ ಹಸಿರು ದೀಪವನ್ನು ರೇಸಿನಲ್ಲಿ ನಂಬಬೇಡಿ. ಅದು ಚರ್ಮದ ಕೆಳಗಿನ ರಕ್ತದ ಏರಿಳಿತ ನೋಡುತ್ತದೆ. ಓಡುವಾಗ ಕೈ ಅಲ್ಲಾಡೋದೂ ಒಂದು ತಾಳ. ಕೆಲವೊಮ್ಮೆ ವಾಚ್ ಆ ತಾಳವನ್ನೇ ಎದೆಬಡಿತ ಅಂದುಕೊಳ್ಳುತ್ತದೆ. ನನಗೆ ಕೊಡಗಿನ ಇಳಿಜಾರಲ್ಲಿ, ಮಾತಾಡುತ್ತಾ ಓಡುವಾಗ, 176 ತೋರಿಸಿತು. ನನ್ನ ಹೆಜ್ಜೆಯೂ ನಿಮಿಷಕ್ಕೆ 176! ಎದೆಪಟ್ಟಿ ಹಾಕಿದ ದಿನ ಅದೇ ರಸ್ತೆ, ಅದೇ ವೇಗ, 138. ಸೈಕಲ್ಲಿನಲ್ಲಿ ಮಣಿಕಟ್ಟು ಬಾಗಿರುತ್ತೆ, ರಸ್ತೆ ಗುದ್ದುತ್ತೆ, ಇನ್ನೂ ಕಷ್ಟ.

ಆದ್ದರಿಂದ 30 ಸಾವಿರದಲ್ಲಿ ಎದೆಪಟ್ಟಿಗೆ ಮೊದಲು ದುಡ್ಡು ತೆಗೆದಿಡಿ, ಮಿಕ್ಕಿದ್ದು ವಾಚಿಗೆ. ನೀರಿನೊಳಗೆ ಬ್ಲೂಟೂತ್, ಆ್ಯಂಟ್ ಪ್ಲಸ್ ಎರಡೂ ಹೋಗಲ್ಲ, ಹಾಗಾಗಿ ಈಜುವಾಗ ಎದೆಪಟ್ಟಿಯ ಸಂಖ್ಯೆ ಕಾಣಲ್ಲ. ಗಾರ್ಮಿನ್‌ನ ಎಚ್‌ಆರ್‌ಎಂ-ಪ್ರೊ ಥರದ ಎದೆಪಟ್ಟಿಗಳು ತಮ್ಮೊಳಗೇ ಉಳಿಸಿಕೊಂಡು ಈಜು ಮುಗಿದ ಮೇಲೆ ವಾಚಿಗೆ ಕಳಿಸುತ್ತವೆ. ಅದು ಬೇಕೇ ಬೇಕು ಅಂತಿಲ್ಲ. ಈಜಿನಲ್ಲಿ ಎದೆ ಎಷ್ಟು ಬಡಿದುಕೊಂಡಿತು ಅಂತ ತಿಳಿದು ಮಾಡೋದೇನಿದೆ, ಬಡಿದುಕೊಂಡೇ ಇರುತ್ತೆ.

ಕೆರೆಏಡಿ:

ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ. ತೊಣ್ಣೂರು ಕೆರೆಯಲ್ಲಿ ಗೆಳೆಯರ ಜೊತೆ ಈಜಿದ್ವಿ. ಒಬ್ಬೊಬ್ಬರ ವಾಚ್ ಒಂದೊಂದು ದೂರ. 1500, 1620, 1840. ಒಬ್ಬನದು 900. ಒಟ್ಟಿಗೇ ಹೋಗಿ ಒಟ್ಟಿಗೇ ಬಂದವರು. ಇದು ವಾಚಿನ ದೋಷವಾ?

ಕಡಲಕಾಗೆ:

900 ಬಂದವನು ಬ್ರೆಸ್ಟ್ ಸ್ಟ್ರೋಕ್ ಹೊಡೆದನಾ?

ಕೆರೆಏಡಿ:

ಅಯ್ಯೋ ಹೌದು! ಹೇಗೆ ಗೊತ್ತಾಯ್ತು?

ಕಡಲಕಾಗೆ:

ಉಪಗ್ರಹದ ಸಂಕೇತ ನೀರೊಳಗೆ ಬರಲ್ಲ. ಫ್ರೀಸ್ಟೈಲಿನಲ್ಲಿ ಕೈ ಪ್ರತಿ ಸಲ ಮೇಲೆ ಬರುತ್ತೆ, ಆ ಒಂದು ಕ್ಷಣದಲ್ಲಿ ವಾಚ್ ಆಕಾಶ ನೋಡಿಕೊಂಡು ಮತ್ತೆ ಮುಳುಗುತ್ತೆ. ಮಧ್ಯದ ದಾರಿ ಅದರ ಊಹೆ. ಬ್ರೆಸ್ಟ್ ಸ್ಟ್ರೋಕಿನಲ್ಲಿ ಕೈ ನೀರಲ್ಲೇ ಇರುತ್ತೆ, ಪಾಪ ಅದಕ್ಕೆ ಏನೂ ಕಾಣಲ್ಲ. ಅವನಿಗೆ ಹೇಳಿ, ವಾಚನ್ನು ಈಜು ಟೋಪಿಯೊಳಗೆ, ತಲೆಯ ಹಿಂಭಾಗಕ್ಕೆ ಸಿಕ್ಕಿಸಿಕೊಂಡರೆ ಸರಿಯಾಗುತ್ತೆ. ಅಭ್ಯಾಸಕ್ಕೆ ಮಾತ್ರ.

1840 ಬಂದವರದ್ದು ವಾಚಿನ ತಪ್ಪೇ ಅಂತ ಹೇಳೋಕಾಗಲ್ಲ. ಅವರು ಹಾವಿನ ಥರ ಹೋಗಿರಬೇಕು. ಆರು ಕೈಗೊಮ್ಮೆ ತಲೆ ಎತ್ತಿ ಎದುರಿನ ಗುರುತು ನೋಡೋ ಅಭ್ಯಾಸ ಇಲ್ಲದಿದ್ದರೆ ಹೀಗೇ ಆಗೋದು. ನಕ್ಷೆ ತೆಗೆದು ಗೆರೆ ನೋಡಿ. ಗೆರೆ ನುಣ್ಣಗೆ ಬಾಗಿದ್ದರೆ ಈಜುಗಾರನ ತಪ್ಪು, ಗರಗಸದ ಹಲ್ಲಿನ ಥರ ಇದ್ದರೆ ವಾಚಿನದು. ವಾಚ್ ವಿರೋಧಿ ನಾನು, ನನ್ನ ಬಾಯಲ್ಲೇ ಇದನ್ನೆಲ್ಲ ಹೇಳಿಸ್ತೀರಲ್ಲ.

ಕಾಪಿಹುಡುಗಿ:

ಪೂಲಿನಲ್ಲಿ ಬೇರೆ ಕಥೆ. ಅಲ್ಲಿ ಜಿಪಿಎಸ್ ಇಲ್ಲ, ಗೋಡೆಗೆ ಒದ್ದು ತಿರುಗಿದ ಜೋರನ್ನು ನೋಡಿ ಲೆಕ್ಕ ಹಾಕುತ್ತದೆ. ಉದ್ದ 25 ಅಥವಾ 50 ಅಂತ ಸರಿಯಾಗಿ ಹಾಕಿ. ಮಧ್ಯದಲ್ಲಿ ನಿಂತು ಹರಟೆ ಹೊಡೆದರೆ ಅದನ್ನೂ ಒಂದು ಸುತ್ತು ಅಂದುಕೊಳ್ಳಬಹುದು. ಅಪಾರ್ಟ್‌ಮೆಂಟಿನ ಹುರುಳಿಬೀಜದ ಆಕಾರದ ಪೂಲ್ ಇದ್ದವರು ಸುಮ್ನೆ ಕೈಯಲ್ಲೇ ಎಣಿಸಿ. ತೀರಾ ಚಿಕ್ಕ ಪೂಲನ್ನು ಕೆಲವು ವಾಚ್ ಒಪ್ಪೋದೂ ಇಲ್ಲ.

ಚಾಳೀಸುಚಕ್ರ:

ಪಟ್ಟಿ. ಪಟ್ಟಿಯ ಬಗ್ಗೆ ಒಂದು ದುಃಖದ ಕಥೆ. ಯಾವ ಕಂಪನಿ ಅಂತ ಕೇಳಬೇಡಿ. ಸಮುದ್ರದಲ್ಲಿ ಒಂದು ರೇಸ್, ಮೊದಲ ತಿರುವಿನ ಕೆಂಪು ಬೋಯ್ (ನೀರಲ್ಲಿ ತೇಲೋ ಗುರುತು) ಹತ್ತಿರ ಎಲ್ಲರೂ ಒಂದೇ ಕಡೆ ನುಗ್ಗಿದರು. ಯಾರದೋ ಕೈ ನನ್ನ ಮಣಿಕಟ್ಟಿಗೆ ಬಡಿಯಿತು. ಟಕ್ ಅಂದ ಹಾಗಾಯಿತು. ಮುಂದಿನ ಕೈ ಎತ್ತಿದಾಗ ಹಗುರ ಅನ್ನಿಸಿತು. ಪಟ್ಟಿಯ ಪಿನ್ನು ಜಾರಿ ವಾಚ್ ಹೋಗಿತ್ತು. ಎರಡು ತಿಂಗಳಾಗಿತ್ತು ತಗೊಂಡು. ಒಂದು ಕ್ಷಣ ನಿಂತು ಕೆಳಗೆ ನೋಡಿದೆ, ಹಸಿರು ಕತ್ತಲು ಬಿಟ್ಟು ಏನೂ ಇಲ್ಲ. ಹಿಂದಿನವನು ತಲೆ ಮೇಲೆ ಹತ್ತಿಕೊಂಡು ಹೋದ.

ಅವತ್ತಿಂದ ಎರಡೂ ಪಿನ್ನಿನ ಒಳಗೆ ತೂರಿ, ವಾಚಿನ ಹೊಟ್ಟೆ ಕೆಳಗೆ ಹಾದು ಬರೋ ಒಂದೇ ತುಂಡಿನ ನೈಲಾನ್ ಪಟ್ಟಿ. ಒಂದು ಪಿನ್ ಹೋದರೂ ಇನ್ನೊಂದರಲ್ಲಿ ನೇತಾಡುತ್ತೆ. ಬಟ್ಟೆ ಅಡ್ಡ ಬರೋದರಿಂದ ಮಣಿಕಟ್ಟಿನ ಎದೆಬಡಿತ ಸಿಗಲ್ಲ, ಆದರೆ ಕಾಪಿಹುಡುಗಿ ಹೇಳಿದ ಹಾಗೆ ಅದು ಹೇಗೂ ಬೇಡ ಅಲ್ವಾ. ಮತ್ತೆ ಸಮುದ್ರದಿಂದ ಬಂದ ಕೂಡಲೇ ಸಿಹಿನೀರಲ್ಲಿ ತೊಳೆಯಿರಿ, ಚಾರ್ಜಿನ ಚುಕ್ಕೆಗಳನ್ನು ಒರೆಸಿ. ಉಪ್ಪು ಕೂತರೆ ಹಸಿರುಗಟ್ಟುತ್ತವೆ, ರೇಸಿನ ಹಿಂದಿನ ರಾತ್ರಿ ಚಾರ್ಜ್ ಆಗಲ್ಲ.

ರೋಟ್‌ಕನ್ನಡಿಗ:

ಮನೆಯಿಂದ ಕನ್ನಡದಲ್ಲಿ ಮೆಸೇಜ್ ಬಂದರೆ ನನ್ನ ವಾಚಿನಲ್ಲಿ ಬರೀ ಡಬ್ಬಿಗಳು ಕಾಣುತ್ತವೆ. ☐☐☐☐. ಅಮ್ಮ ಶುಭವಾಗಲಿ ಅಂದಿದ್ದಾರೋ ಗ್ಯಾಸ್ ಬುಕ್ ಮಾಡು ಅಂದಿದ್ದಾರೋ ಗೊತ್ತಾಗಲ್ಲ. ಇದಕ್ಕೆ ಯಾರಾದರೂ ಪರಿಹಾರ ಕಂಡುಕೊಂಡಿದ್ದೀರಾ?

ಇಡ್ಲಿಪವರ್:

ಇದೆ. ರೇಸಿನ ದಿನ ನೋಟಿಫಿಕೇಷನ್ ಆಫ್ ಮಾಡಿ, ಬ್ಯಾಟರಿಯೂ ಉಳಿಯುತ್ತೆ. ಫೋನು ಹೇಗೂ ಬಳಸೋ ಹಾಗಿಲ್ಲ.

ನಿಧಾನವೇಪ್ರಧಾನ:

ಕೊನೆಗೆ ನನ್ನ ಪ್ರಕಾರ ಅತಿ ಉಪಯೋಗದ ಸೌಲಭ್ಯ ಹೇಳಿಬಿಡುತ್ತೇನೆ. ವಿಒಟು ಮ್ಯಾಕ್ಸ್ (ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನೋ ಅಂದಾಜು) ಅಲ್ಲ, ನಿದ್ದೆಯ ಅಂಕವಂತೂ ಅಲ್ಲ. ರೇಸಿನ ಬೆಳಗ್ಗೆ ಮೂರಕ್ಕೆ ಎದ್ದವನಿಗೆ 'ಇಂದು ವಿಶ್ರಾಂತಿ ತೆಗೆದುಕೊಳ್ಳಿ' ಅನ್ನೋ ವಾಚನ್ನು ಏನು ಮಾಡೋದು? ಉಪಯೋಗದ್ದು ಅಂದರೆ 20 ನಿಮಿಷಕ್ಕೊಮ್ಮೆ ಕೈ ನಡುಗಿಸಿ 'ತಿನ್ನು, ಕುಡಿ' ಅನ್ನೋ ಅಲರ್ಟ್. ಆರೇಳು ಗಂಟೆ ಸೈಕಲ್ ಮೇಲೆ, ಆ ಸೆಕೆಯಲ್ಲಿ, ಹಸಿವೇ ಗೊತ್ತಾಗಲ್ಲ. ಗೊತ್ತಾದಾಗ ತಡವಾಗಿರುತ್ತೆ. ಅಲರ್ಟ್ ಬಂದರೆ ಯೋಚನೆ ಮಾಡದೆ ಬಾಯಿಗೆ ಹಾಕಿಕೊಳ್ಳೋದು. ಆದರೆ ಬರೀ ಸೈಕಲ್ ಮೋಡಿನಲ್ಲಿ ಹಾಕಿದ ಅಲರ್ಟ್ ಟ್ರಯತ್ಲಾನ್ ಮೋಡಿನ ಒಳಗಿನ ಸೈಕಲ್‌ಗೆ ತಾನಾಗಿಯೇ ಬರುತ್ತೆ ಅಂತ ಅಂದುಕೊಳ್ಳಬೇಡಿ. ಅಲ್ಲಿ ಬೇರೆಯಾಗಿ ಹಾಕಿ, ಒಂದು ದಿನ ಮನೆಯ ಸುತ್ತ ಐದೈದು ನಿಮಿಷದ ಸುಳ್ಳು ಟ್ರಯತ್ಲಾನ್ ಮಾಡಿ ನೋಡಿ. ನಾನು ಮಹಡಿಯ ಮೇಲೆ ಈಜೋ ಥರ ಕೈ ಬೀಸುತ್ತಾ ನಡೆದೆ. ಪಕ್ಕದ ಮನೆಯವರು ಈಗ ಮಾತಾಡಿಸೋದು ಕಮ್ಮಿ.

ಮೂರನೇಗೇರ್:

ಸೈಕಲ್ ಮೇಲೆ ಗಾರ್ಮಿನ್‌ನ ಎಡ್ಜ್ ಸೈಕಲ್ ಕಂಪ್ಯೂಟರ್ ಇರುವವರಿಗೆ ಒಂದು ಮಾತು. 945ರಿಂದ ಮೇಲಿನ 9ರ ಸಾಲಿನ ಫೋರ್‌ರನ್ನರ್‌ಗಳಲ್ಲಿ ಎಕ್ಸ್‌ಟೆಂಡೆಡ್ ಡಿಸ್‌ಪ್ಲೇ ಅಂತ ಇದೆ. ವಾಚಿನ ಟ್ರಯತ್ಲಾನ್ ಪರದೆಯನ್ನೇ ಎಡ್ಜ್‌ನಲ್ಲಿ ದೊಡ್ಡದಾಗಿ ತೋರಿಸುತ್ತದೆ, ದಾಖಲೆ ವಾಚಿನಲ್ಲೇ. ಚಾಳೀಸುಚಕ್ರ ಅವರಿಗೆ ಇದು ಬೇಕಾಗಿದ್ದು.

ಚಾಳೀಸುಚಕ್ರ:

ಇದನ್ನು ಮೊದಲೇ ಹೇಳಬಾರದಿತ್ತಾ ಮಹರಾಯ!

ಕೆರೆಏಡಿ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಫೋರ್‌ರನ್ನರ್ 955 ಸಿಕ್ಕಿತು. ಜೊತೆಗೆ ಎದೆಪಟ್ಟಿ. ಎರಡೂ ಸೇರಿ 35 ಸಾವಿರದ ಒಳಗೇ ಬಂತು. ಮಾರಿದವರು ಅವರ ಅಕೌಂಟಿಂದ ತೆಗೆದು, ರಿಸೆಟ್ ಮಾಡಿ ಕೊಟ್ಟರು. ಕೊಡೋ ಮೊದಲು ಅವರ ಎದುರೇ ಜಿಪಿಎಸ್ ಹಾಕಿ, ಕಬ್ಬನ್ ಪಾರ್ಕಿನಲ್ಲಿ ಒಂದು ಗಂಟೆ ನಡೆದೆ. ಬ್ಯಾಟರಿ ಶೇಕಡಾ ಮೂರು ಇಳಿಯಿತು. ಅಂದರೆ 33 ಗಂಟೆ ಹತ್ತಿರ. ಹೊಸದರಲ್ಲಿ 42. ಮೂರನೇಗೇರ್ ಹೇಳಿದ ಆ ಐದರಲ್ಲಿ ಒಂದು ಪಾಲು ಸರಿಯಾಗಿ ಹೋಗಿದೆ! ಆದರೂ ನನ್ನ 23 ಗಂಟೆಗೆ ಮೇಲೆ ಹತ್ತು ಉಳಿಯಿತು.

ಭಾನುವಾರ ದೊಡ್ಡ ಪರೀಕ್ಷೆ ಮಾಡಿದೆ. ಬೆಳಗ್ಗೆ ನಾಲ್ಕೂವರೆಗೆ ಹೊರಟು 140 ಕಿಮೀ ಸೈಕಲ್, ಮಧ್ಯೆ ನಂದಿ ಬೆಟ್ಟ ಒಮ್ಮೆ, ಇಳಿದ ಕೂಡಲೇ 8 ಕಿಮೀ ಓಟ. ಪರದೆಗೆ ಮೂರೇ ಸಂಖ್ಯೆ, ಗುಂಡಿ ಲಾಕ್, ಮಲ್ಟಿಬ್ಯಾಂಡ್ ಆಫ್, 20 ನಿಮಿಷಕ್ಕೆ ತಿನ್ನೋ ಅಲರ್ಟ್. ನಂದಿಯ ಕೊನೆಯ ತಿರುವುಗಳಲ್ಲಿ ಅಲರ್ಟ್ ಬಂದಾಗ ಬೈದುಕೊಂಡೆ, ಆದರೂ ಕಡಲೆಮಿಠಾಯಿ ಬಾಯಿಗೆ ಹಾಕಿದೆ. ಗುಂಡಿ ಒತ್ತೋದು ಒಂದೂ ತಪ್ಪಲಿಲ್ಲ. ಓಟ ಶುರು ಮಾಡೋದನ್ನು ಈ ಸಲ ಮರೆಯಲಿಲ್ಲ.

ಮನೆಗೆ ಬಂದು, ಸ್ನಾನ ಮಾಡಿ, ಫ್ಯಾನ್ ಕೆಳಗೆ ನೆಲದ ಮೇಲೆ ಮಲಗಿದ್ದೆ. ಕಣ್ಣು ಎಳೆಯುತ್ತಿತ್ತು. ಕೈ ನಡುಗಿತು. ನೋಡಿದರೆ ತಿನ್ನು ಅಂತಿದೆ. ನಿಲ್ಲಿಸೋದನ್ನೇ ಮರೆತಿದ್ದೆ. ಎದ್ದು ಹೋಗಿ ಎರಡು ಇಡ್ಲಿ ತಿಂದೆ.